ಸುಟ್ಟರೆ ಹೊಗೆ, ಬಿಡಿಸಿದರೆ ಸರಕು

ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದಂಥ ಹೋಬಳಿ ಕೇಂದ್ರದಲ್ಲಿ ಹಳೇ ಪ್ಲಾಸ್ಟಿಕ್ಕಿಗೆ ಇರುವುದು ಎರಡೇ ದಾರಿ. ಕಾಸು ಹುಟ್ಟುವಂಥದ್ದು ಗುಜರಿ ಅಂಗಡಿಗೆ ಹೋಗುತ್ತದೆ, ಹುಟ್ಟದೇ ಇರುವುದು ಬೆಂಕಿಗೆ ಬೀಳುತ್ತದೆ. ನೀರಿನ ಬಾಟಲಿ, ಒಡೆದ ಬಕೆಟ್ಟು, ಹಾಲಿನ ಕವರು, ಹಳೇ ಡ್ರಿಪ್ ಪೈಪು ಗುಜರಿ ಸೇರುತ್ತವೆ. ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಸ್ಯಾಷೆ, ಪಾನ್ ಮಸಾಲದ ಚೀಟಿ, ಮಣ್ಣು ಮೆತ್ತಿದ ಮಲ್ಚಿಂಗ್ ಶೀಟು ಇವಕ್ಕೆಲ್ಲ ಬೇಲಿ ಬದಿಯ ಬೆಂಕಿಯೇ ಗತಿ. ಗುಬ್ಬಿ ಸೀಮೆ ಬೆಳೆದು ಕಳಿಸಿದ ಅಡಿಕೆ ಎಲ್ಲೆಲ್ಲೋ ಸುತ್ತಿ, ಬಣ್ಣದ ಚೀಟಿಯೊಳಗೆ ಕೂತು, ಅದೇ ಗುಬ್ಬಿಯ ಗೂಡಂಗಡಿಗೆ ವಾಪಸ್ ಬರುತ್ತದೆ. ಅಡಿಕೆ ಬಾಯಿಗೆ ಹೋಗುತ್ತದೆ, ಚೀಟಿ ಚರಂಡಿಗೆ. ಚರಂಡಿ ಕೆರೆಗೆ, ಕೆರೆಯ ಕೋಡಿ ಶಿಂಷೆಗೆ, ಶಿಂಷೆ ಕಾವೇರಿಗೆ. ಬೆಂಕಿ ತಪ್ಪಿಸಿಕೊಂಡದ್ದು ಹೀಗೆ ನೀರು ಹಿಡಿದು ಹೋಗುತ್ತದೆ.

ಗುಜರಿಯವರೂ ಮುಟ್ಟದ ಈ ಪಾಲಿಗೆ ಬೆಲೆ ತರುವ ವಿದ್ಯೆಯೊಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಕಳಪೆ ಪ್ಲಾಸ್ಟಿಕ್ ಮಾಡುವ ಬದಲು, ಅದರ ಅಣುಗಳನ್ನೇ ಬಿಡಿಸಿ, ಮೊದಲಿಗಿಂತ ಹೆಚ್ಚು ಬೆಲೆಯ ಪದಾರ್ಥ ಮಾಡುವ ರಸಾಯನಶಾಸ್ತ್ರ ಅದು. ಅಪ್‌ಸೈಕ್ಲಿಂಗ್ ಎಂದು ಕರೆಯುತ್ತಾರೆ. ರೈತರಿಗೆ ಗೊತ್ತಿರುವ ಮಾತಿನಲ್ಲಿ ಹೇಳುವುದಾದರೆ ಕಸದ ಮೌಲ್ಯವರ್ಧನೆ. ಇದರಿಂದ ಕುಣಿಗಲ್, ಗುಬ್ಬಿ, ತುಮಕೂರಿನ ಜನಕ್ಕೆ ಏನು ಲಾಭ, ಎಲ್ಲಿ ಎಚ್ಚರ ಬೇಕು ಎಂಬುದನ್ನು ನೋಡೋಣ.

ಮೊದಲು, ಸುಡುವುದರಿಂದ ಏನಾಗುತ್ತದೆ ಎಂಬ ಲೆಕ್ಕ. ಹಾಲಿನ ಕವರು ಪಾಲಿಥಿಲೀನ್. ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ, ಎರಡೇ. ಅದರ 14 ಗ್ರಾಂ ಸುಟ್ಟರೆ ಗಾಳಿಯ ಆಮ್ಲಜನಕ ಸೇರಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಒಂದು ಕೆಜಿ ಕವರಿಗೆ ಮೂರು ಕೆಜಿಗೂ ಹೆಚ್ಚು. ಇದು ಪೂರ್ತಿ ಉರಿದಾಗಿನ ಮಾತು. ಬೇಲಿ ಬದಿಯಲ್ಲಿ ಯಾವುದೂ ಪೂರ್ತಿ ಉರಿಯುವುದಿಲ್ಲ. ಅಲ್ಲಿ ಮಸಿ, ಕಾರ್ಬನ್ ಮೊನಾಕ್ಸೈಡ್ ಏಳುತ್ತವೆ. ಜೊತೆಗೆ ಪಿವಿಸಿ ತುಂಡೊಂದು ಸೇರಿದ್ದರೆ ಕ್ಲೋರಿನ್ ಸೇರಿಕೊಂಡು ಡಯಾಕ್ಸಿನ್‌ನಂಥ ಘೋರ ವಿಷವೂ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂತು, ಹಸುವಿನ ಕೊಬ್ಬಿಗೆ ಸೇರಿ, ಹಾಲಿನಲ್ಲಿ ನಮ್ಮ ಮನೆಗೆ ಬರಬಲ್ಲದು. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿತು. ಆದರೂ ದೇಶದಲ್ಲಿ ಬೆಂಕಿ ಆರಿಲ್ಲ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ 93 ಲಕ್ಷ ಟನ್ ಪ್ಲಾಸ್ಟಿಕ್ ಯಾರ ಕೈಗೂ ಸಿಗದೆ ಪರಿಸರಕ್ಕೆ ಸೇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಬಯಲಲ್ಲಿ ಸುಟ್ಟದ್ದು.

ಪ್ಲಾಸ್ಟಿಕ್ ಎಂದರೆ ಒಂದೇ ಬಗೆಯ ಚಿಕ್ಕ ಅಣು ಸಾವಿರಾರು ಸಲ ಕೈ ಹಿಡಿದು ನಿಂತ ಉದ್ದನೆಯ ಸರಪಳಿ. ಅದನ್ನು ಮಲ್ಲಿಗೆ ದಂಡೆ ಎಂದುಕೊಳ್ಳಿ. ನಾವು ಇವತ್ತು ಮಾಡುವ ಸಾಮಾನ್ಯ ಮರುಬಳಕೆಯಲ್ಲಿ ದಂಡೆಯನ್ನು ದಂಡೆಯಾಗಿಯೇ ಬಿಸಿ ಮಾಡಿ, ಕರಗಿಸಿ, ಹೊಸ ಅಚ್ಚಿಗೆ ಹಾಕುತ್ತೇವೆ. ಪ್ರತಿ ಸಲ ಕರಗಿಸಿದಾಗಲೂ ದಂಡೆ ಅಲ್ಲಲ್ಲಿ ತುಂಡಾಗುತ್ತದೆ, ಬಣ್ಣ ಮತ್ತು ಕೊಳೆ ಸೇರುತ್ತದೆ. ಹಾಗಾಗಿ ಹಾಲಿನ ಕವರು ಮತ್ತೆ ಹಾಲಿನ ಕವರಾಗುವುದಿಲ್ಲ. ಕಪ್ಪು ಪೈಪೋ ಕಸದ ಚೀಲವೋ ಆಗುತ್ತದೆ. ನೀರಿನ ಬಾಟಲಿ ಪಾಲಿಯೆಸ್ಟರ್ ನೂಲಾಗಿ, ಬಟ್ಟೆಯಾಗಿ, ಅಲ್ಲಿಗೆ ಅದರ ಕತೆ ಮುಗಿಯುತ್ತದೆ. 1950ರಿಂದ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ 830 ಕೋಟಿ ಟನ್, ಅದರಲ್ಲಿ ಕಸವಾದದ್ದು 630 ಕೋಟಿ ಟನ್, ಆ ಕಸದಲ್ಲಿ ಮರುಬಳಕೆಯಾದದ್ದು ಬರೀ ಶೇ 9 ಎಂದು ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿದ್ದರು. ಹಳೇ ವಿಧಾನದ ಮಿತಿ ಎಷ್ಟೆಂಬುದು ಇದರಲ್ಲೇ ಕಾಣುತ್ತದೆ.

ರಾಸಾಯನಿಕ ವಿಧಾನ ದಂಡೆಯನ್ನೇ ಬಿಡಿಸುತ್ತದೆ. ಎಲ್ಲಕ್ಕಿಂತ ಹಳೆಯ ದಾರಿ ಪೈರಾಲಿಸಿಸ್. ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ, ಗಾಳಿ ಆಡದಂತೆ, 400ರಿಂದ 600 ಡಿಗ್ರಿ ಶಾಖ ಕೊಟ್ಟರೆ ಪಾಲಿಥಿಲೀನ್, ಪಾಲಿಪ್ರೊಪಿಲೀನ್‌ಗಳು ಉರಿಯುವುದಿಲ್ಲ, ಉರಿಯಲು ಆಮ್ಲಜನಕವೇ ಇಲ್ಲ. ಸರಪಳಿ ತುಂಡಾಗಿ ಆವಿಯಾಗುತ್ತದೆ. ಆವಿ ತಣಿಸಿದರೆ ಎಣ್ಣೆ, ತಣಿಯದೆ ಉಳಿದದ್ದು ಅನಿಲ, ಪಾತ್ರೆಯ ತಳದಲ್ಲಿ ಕರಿ. ಆ ಅನಿಲವನ್ನೇ ಉರಿಸಿ ಪಾತ್ರೆ ಕಾಯಿಸಬಹುದು. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರ ಆಗಸ್ಟಿನಲ್ಲಿ ಸರ್ಕಾರಿ ಅನಿಲ ಕಂಪನಿ ಗೇಲ್ ಜೊತೆಗೂಡಿ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ಕಿನಿಂದ ಸುಮಾರು 800 ಲೀಟರ್ ಡೀಸೆಲ್ ತೆಗೆಯುವ ಘಟಕ ತೆರೆಯಿತು.

ಡೀಸೆಲ್ ಆದರೆ ಅದು ಮತ್ತೆ ಬೆಂಕಿಗೇ ಹೋಗುವ ವಸ್ತು. ಬೇಲಿ ಬದಿಯಲ್ಲಿ ಉರಿಯುವ ಬದಲು ಟ್ರ್ಯಾಕ್ಟರಿನಲ್ಲಿ ಉರಿಯುತ್ತದೆ. ಬಾವಿಯಿಂದ ತೆಗೆಯಬೇಕಿದ್ದ ಅಷ್ಟು ಎಣ್ಣೆ ಉಳಿಯಿತು ಎಂಬುದು ನಿಜ, ಆದರೆ ಇಂಗಾಲ ಆಕಾಶಕ್ಕೆ ಹೋಯಿತು. ಇದನ್ನು ಮೌಲ್ಯವರ್ಧನೆ ಎನ್ನಲು ನನಗೆ ಮನಸ್ಸಿಲ್ಲ. ಬಿಡಿಸಿದ ಹೂವು ಇನ್ನೊಂದು ಕಡೆ ಕಟ್ಟಿಸಿಕೊಂಡಾಗ ಮಾತ್ರ ಆ ಹೆಸರು ಒಪ್ಪುತ್ತದೆ.

ಅಂಥ ಕೆಲಸಗಳು ನಡೆದಿವೆ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದ ರಸಾಯನಶಾಸ್ತ್ರಜ್ಞರು ಪ್ಲಾಟಿನಂ ಲೇಪಿಸಿದ ಅಲ್ಯೂಮಿನಾ ವೇಗವರ್ಧಕ ಬಳಸಿ, 280 ಡಿಗ್ರಿಯಲ್ಲೇ ಪಾಲಿಥಿಲೀನನ್ನು ಆಲ್ಕೈಲ್ ಅರೋಮ್ಯಾಟಿಕ್ ಎಂಬ ಗುಂಪಿನ ರಾಸಾಯನಿಕವಾಗಿ ಬದಲಿಸಿದರು. ಬಟ್ಟೆ ತೊಳೆಯುವ ಪುಡಿ, ಯಂತ್ರದ ಲೂಬ್ರಿಕೆಂಟ್ ಇವುಗಳ ಮೂಲ ಸರಕು ಅದು. ಹೊರಗಿನಿಂದ ಜಲಜನಕವನ್ನಾಗಲಿ ದ್ರಾವಕವನ್ನಾಗಲಿ ಹಾಕಲಿಲ್ಲ ಎಂಬುದು ಅದರ ವಿಶೇಷ. 2023ರಲ್ಲಿ ವರ್ಜೀನಿಯಾ ಟೆಕ್‌ನ ಗುವೊಲಿಯಾಂಗ್ ಲಿಯು ಅವರ ತಂಡ ಇನ್ನೂ ಸರಳವಾದ ದಾರಿ ತೋರಿಸಿತು. ಪ್ಲಾಸ್ಟಿಕ್ ಕಾಯಿಸಿದ ಪಾತ್ರೆಯ ಮೇಲ್ಭಾಗವನ್ನು ತಂಪಾಗಿಟ್ಟು, ಸರಪಳಿ ಪೂರ್ತಿ ನುಚ್ಚಾಗುವ ಮೊದಲೇ ಹಿಡಿದು ಮೇಣ ಮಾಡಿಕೊಂಡರು. ಮೇಣಕ್ಕೆ ಆಮ್ಲಜನಕ ಸೇರಿಸಿ ಕೊಬ್ಬಿನಾಮ್ಲ, ಅದಕ್ಕೆ ಕ್ಷಾರ ಸೇರಿಸಿ ಸಾಬೂನು. ಪಾಲಿಥಿಲೀನ್ ಸರಪಳಿಗೂ ತೆಂಗಿನೆಣ್ಣೆಯ ಕೊಬ್ಬಿನಾಮ್ಲದ ಸರಪಳಿಗೂ ರಚನೆಯಲ್ಲಿ ಬಹಳ ಹೋಲಿಕೆ ಇದೆ. ವ್ಯತ್ಯಾಸ ಮುಖ್ಯವಾಗಿ ಉದ್ದದ್ದು. ತೆಂಗಿನ ಸೀಮೆಯ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ತೂಕಕ್ಕೆ ತೂಕ ಇಟ್ಟರೆ ಸಾಬೂನಿನ ಸರಕಿಗೆ ಪ್ಲಾಸ್ಟಿಕ್ಕಿಗಿಂತ ಹೆಚ್ಚಿನ ಬೆಲೆ. ಪಾಲಿಥಿಲೀನ್, ಪಾಲಿಪ್ರೊಪಿಲೀನ್ ಎರಡೂ ಬೆರೆತಿದ್ದರೂ ಈ ವಿಧಾನ ನಡೆಯುತ್ತದೆ ಎಂಬುದು ನಮ್ಮಂಥ ಊರಿನ ಕಸಕ್ಕೆ ದೊಡ್ಡ ಮಾತು.

ಬಾಟಲಿಯ ಪ್ಲಾಸ್ಟಿಕ್, ಅಂದರೆ ಪೆಟ್, ಬೇರೆ ಜಾತಿಯದು. ಅದರ ಕೊಂಡಿಗಳಲ್ಲಿ ಆಮ್ಲಜನಕವಿದೆ, ಆದ್ದರಿಂದ ಅಷ್ಟು ಶಾಖ ಬೇಡ. ಗ್ಲೈಕಾಲ್ ಅಥವಾ ಮೆಥನಾಲ್ ಜೊತೆ ಬೇಯಿಸಿದರೆ ಕೊಂಡಿ ಕಳಚಿ, ಹೊಸ ಬಾಟಲಿಗೆ ಬೇಕಾದ ಶುದ್ಧ ಅಣುಗಳೇ ಕೈಗೆ ಬರುತ್ತವೆ. ಅಮೆರಿಕದ ಟೆನ್ನೆಸ್ಸಿಯಲ್ಲಿ ಈಸ್ಟ್‌ಮನ್ ಕಂಪನಿಯ ದೊಡ್ಡ ಕಾರ್ಖಾನೆ 2024ರಿಂದ ಇದನ್ನು ಮಾಡುತ್ತಿದೆ. ಪೆಟ್ ತಿನ್ನುವ ಬ್ಯಾಕ್ಟೀರಿಯಾವೊಂದನ್ನು ಜಪಾನಿನ ವಿಜ್ಞಾನಿಗಳು ಸಕಾಯ್ ಊರಿನ ಬಾಟಲಿ ಮರುಬಳಕೆ ಜಾಗದಲ್ಲಿ ಪತ್ತೆ ಮಾಡಿ 2016ರಲ್ಲಿ ಪ್ರಕಟಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದವರು ಇನ್ನೊಂದು ಬ್ಯಾಕ್ಟೀರಿಯಾವನ್ನು ತಿದ್ದಿ, ಪೆಟ್‌ನಿಂದ ಬಂದ ಆಮ್ಲವನ್ನು 2021ರಲ್ಲಿ ವೆನಿಲಾದ ಪರಿಮಳವಾಗಿಯೂ 2025ರಲ್ಲಿ ಪ್ಯಾರಾಸಿಟಮಾಲ್ ಆಗಿಯೂ ಮಾರ್ಪಡಿಸಿ ತೋರಿಸಿದರು. ಇವು ಪ್ರಯೋಗಾಲಯದ ಮಾತು, ನಾಳೆಯೇ ಔಷಧಿ ಅಂಗಡಿಗೆ ಬರುವಂಥದ್ದಲ್ಲ. ಆದರೂ ಕಸದಲ್ಲಿ ಎಂಥ ಸಾಧ್ಯತೆ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಗಿರಿಧರ್ ಮದ್ರಾಸ್ ಅವರು ಶಾಖ, ಶ್ರವಣಾತೀತ ಧ್ವನಿ, ಬೆಳಕು ಇವುಗಳಿಂದ ಪಾಲಿಮರ್ ಸರಪಳಿ ಹೇಗೆ ಒಡೆಯುತ್ತದೆ ಎಂಬುದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು; 2009ರ ಭಟ್ನಾಗರ್ ಪ್ರಶಸ್ತಿ ಪಡೆದವರು ಅವರು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ತಯಾರಿಸುವ ಘಟಕವಿದೆ. ಗೊಬ್ಬರದ ಚೀಲ, ಪ್ಲಾಸ್ಟಿಕ್ ಕುರ್ಚಿ, ಬಿಸ್ಕತ್ತಿನ ಹೊದಿಕೆ ಎಲ್ಲ ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವೇ. ಸಂಸ್ಕರಣಾಗಾರವಿರುವ ಕಡೆ ಪೈರಾಲಿಸಿಸ್ ಎಣ್ಣೆಯನ್ನು ಶುದ್ಧಿ ಮಾಡಿ ಮತ್ತೆ ಪ್ಲಾಸ್ಟಿಕ್ ಮಾಡಲು ಸಾಧ್ಯ ಎಂದು ಗುಜರಾತಿನ ಜಾಮ್‌ನಗರದಲ್ಲಿ ರಿಲಯನ್ಸ್ ಈಗಾಗಲೇ ಮಾಡಿ ತೋರಿಸಿದೆ. ಅದೇ ಕೆಲಸ ಮಂಗಳೂರಿನಲ್ಲೂ ಆಗಬೇಕು ಎಂದು ಕನ್ನಡ ನಾಡು ಕೇಳುವುದರಲ್ಲಿ ತಪ್ಪಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ನಮ್ಮ ಪ್ಲಾಸ್ಟಿಕ್ ಬಹುಪಾಲು ಹುಟ್ಟುವುದೂ ಆ ತೈಲದಿಂದಲೇ. ಡಾಲರ್ ಕೊಟ್ಟು ತಂದ ಇಂಗಾಲವನ್ನು ಒಂದು ಸಲ ಚಿಪ್ಸ್ ಸುತ್ತಿ ಸುಟ್ಟುಬಿಡುವುದು ಬಡ ದೇಶಕ್ಕೆ ಹೇಳಿಸಿದ ವ್ಯವಹಾರ ಅಲ್ಲ. ಇನ್ನೊಂದು ಕಡೆಯಿಂದ ಕಾನೂನು ಬೇಡಿಕೆ ಹುಟ್ಟಿಸಿದೆ. 2022ರ ಫೆಬ್ರುವರಿಯ ತಿದ್ದುಪಡಿ ನಿಯಮಗಳ ಪ್ರಕಾರ, ಪ್ಲಾಸ್ಟಿಕ್ಕಿನಲ್ಲಿ ಸರಕು ತುಂಬಿ ಮಾರುವ ಕಂಪನಿಗಳೇ ಅದನ್ನು ವಾಪಸ್ ಪಡೆಯುವ ಹೊಣೆ ಹೊರಬೇಕು. ಗಟ್ಟಿ ಪ್ಯಾಕಿಂಗ್‌ನಲ್ಲಿ 2025-26ಕ್ಕೆ ಶೇ 30, 2028-29ರ ವೇಳೆಗೆ ಶೇ 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದು ಆ ನಿಯಮ ಹೇಳುತ್ತದೆ. ಅಂದಮೇಲೆ ಒಳ್ಳೆಯ, ಶುದ್ಧ, ಬೇರ್ಪಡಿಸಿದ ಹಳೇ ಪ್ಲಾಸ್ಟಿಕ್ಕಿಗೆ ಗಿರಾಕಿ ಹೆಚ್ಚುತ್ತಲೇ ಹೋಗುತ್ತಾರೆ. ಈ ಹಣದಲ್ಲಿ ಎಷ್ಟು ಭಾಗ ಕಾರ್ಖಾನೆಯ ಬಾಗಿಲಲ್ಲೇ ನಿಲ್ಲುತ್ತದೆ, ಎಷ್ಟು ಹುಲಿಯೂರುದುರ್ಗದಲ್ಲಿ ಕಸ ಆರಿಸುವ ಹೆಣ್ಣುಮಗಳ ಕೈಗೆ ಬರುತ್ತದೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ.

ಏಕೆಂದರೆ ಈ ರಸಾಯನಶಾಸ್ತ್ರ ನಿಂತಿರುವುದು ಆರಿಸುವ ಕೈಯ ಮೇಲೆ. ಪೈರಾಲಿಸಿಸ್ ಪಾತ್ರೆಗೆ ಒಂದಿಷ್ಟು ಪಿವಿಸಿ ಬಿತ್ತೆನ್ನಿ. ಅದರ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಬಂದು ಪೈಪುಗಳನ್ನು ತಿನ್ನುತ್ತದೆ, ಎಣ್ಣೆ ಕೆಡುತ್ತದೆ. ಪೆಟ್ ಬಿದ್ದರೆ ಗಟ್ಟಿ ಆಮ್ಲದ ಹರಳು ಕಟ್ಟಿ ಕೊಳವೆ ಮುಚ್ಚಿಕೊಳ್ಳುತ್ತದೆ. ಮಣ್ಣು, ತೇವ ಇದ್ದರೆ ಶಾಖವೆಲ್ಲ ಅದಕ್ಕೇ ಖರ್ಚು. ಲಕ್ಷಗಟ್ಟಲೆ ಬೆಲೆಯ ವೇಗವರ್ಧಕ ಒಂದು ಮುಷ್ಟಿ ಕೊಳೆಯಿಂದ ಸತ್ತುಹೋಗಬಹುದು.

ಆರಿಸುವುದಕ್ಕೆ ದೊಡ್ಡ ಯಂತ್ರವೇ ಬೇಕೆಂದೇನಿಲ್ಲ. ಒಂದು ಬಕೆಟ್ ನೀರು ಸಾಕು. ಪ್ಲಾಸ್ಟಿಕ್ಕಿನ ಸಣ್ಣ ಚೂರನ್ನು ನೀರಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆ ಹೋಗುವಂತೆ ಬೆರಳಲ್ಲಿ ಸವರಿ ಬಿಟ್ಟು ನೋಡಿ. ಹಾಲಿನ ಕವರು, ಡ್ರಿಪ್ ಪೈಪು, ಬಾಟಲಿಯ ಮುಚ್ಚಳ, ಗೊಬ್ಬರದ ಚೀಲದ ಎಳೆ ಸಾಮಾನ್ಯವಾಗಿ ತೇಲುತ್ತವೆ. ಪಾಲಿಥಿಲೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ನೀರಿನ ಬಾಟಲಿಯ ಚೂರು, ಬೋರ್‌ವೆಲ್ಲಿನ ಪಿವಿಸಿ ಪೈಪಿನ ಚೂರು ಮುಳುಗುತ್ತವೆ. ತೇಲಿದ್ದು ಎಣ್ಣೆ, ಮೇಣ, ಸಾಬೂನಿನ ದಾರಿಗೆ, ಮುಳುಗಿದ್ದರಲ್ಲಿ ಬಾಟಲಿಯನ್ನು ಎತ್ತಿ ಗ್ಲೈಕಾಲಿನ ದಾರಿಗೆ, ಪಿವಿಸಿ ಬೇರೆಯೇ. ಗುಜರಿಯಲ್ಲಿ ಕೆಲಸ ಮಾಡುವವರು ಇಷ್ಟಕ್ಕೂ ಬಕೆಟ್ ಇಟ್ಟುಕೊಂಡಿರುವುದಿಲ್ಲ. ಮುದುಡಿದಾಗ ಗರಗರ ಸದ್ದು ಮಾಡುವುದು ಎಚ್‌ಎಂ, ಮೆತ್ತಗೆ ಎಳೆದರೆ ಹಿಗ್ಗುವುದು ಎಲ್‌ಡಿ ಎಂದು ಪಾಲಿಥಿಲೀನಿನ ಬಗೆಗಳನ್ನು ಬೆರಳಲ್ಲೇ ಹೇಳುತ್ತಾರೆ. ಆ ಬೆರಳಿನ ವಿದ್ಯೆಗೆ ಕೂಲಿ ಕಟ್ಟುವಾಗ ನಾವು ಜಿಪುಣರಾಗಬಾರದು.

ಹಾಲಿನ ಕವರಿನ ಮೂಲೆಯನ್ನೂ ನೋಡಿ. ಕತ್ತರಿಸುವಾಗ ಹಾರಿಹೋಗುವ ಆ ಚೂರು ಯಾರ ಕೈಗೂ ಸಿಗದು. ಪೂರ್ತಿ ಕತ್ತರಿಸದೆ ಕವರಿಗೇ ಅಂಟಿಕೊಂಡಿರುವಂತೆ ಸೀಳಿದರೆ ಅದೂ ಕವರಿನ ಜೊತೆ ಹೋಗುತ್ತದೆ. ತೊಳೆದು ಒಣಗಿಸಿಟ್ಟ ನಂದಿನಿ ಕವರು ಗುಜರಿಯಲ್ಲೂ ಬೆಲೆ ತರುತ್ತದೆ, ಕಾರ್ಖಾನೆಯಲ್ಲೂ ತರುತ್ತದೆ. ಮೊಸರು ಮೆತ್ತಿ ಹುಳಿ ಹಿಡಿದದ್ದಕ್ಕೆ ಎರಡೂ ಕಡೆ ಬೆಲೆ ಇಲ್ಲ.

ಚಿಪ್ಸ್ ಪ್ಯಾಕೆಟ್ಟಿನ ತೊಡಕು ಬೇರೆ. ಹೊರಗೆ ಮುದ್ರಣದ ಪದರ, ನಡುವೆ ಕೂದಲೆಳೆಗಿಂತ ನೂರಾರು ಪಟ್ಟು ತೆಳ್ಳಗಿನ ಅಲ್ಯೂಮಿನಿಯಂ, ಒಳಗೆ ಅಂಟುವ ಪದರ. ಇವನ್ನು ಕೈಯಲ್ಲಿ ಬಿಡಿಸಲಾಗದು, ಕರಗಿಸಿ ಅಚ್ಚು ಹಾಕಲೂ ಆಗದು. ಇವತ್ತು ಇಂಥದ್ದನ್ನು ಬೆಂಗಳೂರಿನಂಥ ಕಡೆಗಳಿಂದ ನೂರಾರು ಕಿಲೋಮೀಟರ್ ಸಾಗಿಸಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ಬೇಲಿ ಬೆಂಕಿಗಿಂತ ಅದು ಎಷ್ಟೋ ಮೇಲು, ಗೂಡಿನ 1,450 ಡಿಗ್ರಿಯಲ್ಲಿ ಡಯಾಕ್ಸಿನ್‌ನಂಥ ವಿಷ ಬಹುತೇಕ ಉಳಿಯುವುದಿಲ್ಲ. ಬೆಂಗಳೂರಿನ ಕೆ.ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್‌ನವರು ಎರಡು ದಶಕಗಳ ಹಿಂದೆಯೇ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡಿದ್ದೂ ಗೌರವಿಸಬೇಕಾದ ಸಾಹಸ. ಆದರೆ ಗೂಡಿಗೆ ಹೋದದ್ದು, ರಸ್ತೆಗೆ ಹೋದದ್ದು ಮತ್ತೆ ವಸ್ತುವಾಗಿ ಬರುವುದಿಲ್ಲ. ಪದರದ ಪ್ಯಾಕೆಟ್ಟನ್ನೂ ಬಿಡಿಸಿ ವಸ್ತುವಾಗಿಸುವ ಭರವಸೆ ಸದ್ಯಕ್ಕೆ ರಸಾಯನಶಾಸ್ತ್ರದಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಬೇಕು. ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯುವ ಪೈರಾಲಿಸಿಸ್ ಘಟಕಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಲೆಕ್ಕ ಹಾಕಿತು. 19 ರಾಜ್ಯಗಳಲ್ಲಿ 637 ಘಟಕಗಳಿದ್ದವು, ಅವುಗಳಲ್ಲಿ 270 ನಿಯಮ ಪಾಲಿಸುತ್ತಿರಲಿಲ್ಲ. ಅಮೆರಿಕದಲ್ಲೂ ಕತೆ ಇದೇ: ಸುಧಾರಿತ ಮರುಬಳಕೆ ಎಂದು ಎಕ್ಸಾನ್‌ಮೊಬಿಲ್ ಹೇಳಿಕೊಂಡ ಪ್ರಕ್ರಿಯೆಗೆ ಹೋದ ಪ್ಲಾಸ್ಟಿಕ್ಕಿನಲ್ಲಿ ಶೇ 92 ಮತ್ತೆ ಪ್ಲಾಸ್ಟಿಕ್ ಆಗುವುದೇ ಇಲ್ಲ, ಬಹುಪಾಲು ಇಂಧನವಾಗುತ್ತದೆ ಎಂದು ಆರೋಪಿಸಿ ಕ್ಯಾಲಿಫೋರ್ನಿಯಾ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಮೊಕದ್ದಮೆ ಹೂಡಿತು. ಹೆಸರು ಒಂದು, ಕೆಲಸ ಇನ್ನೊಂದು ಆಗುವ ಅಪಾಯ ಇಲ್ಲಿ ಧಾರಾಳವಾಗಿದೆ.

ಬೆಂಗಳೂರಿನ ಸುತ್ತಲಿನ ಊರುಗಳು ಈ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಮಾವಳ್ಳಿಪುರ, ಮಂಡೂರಿನ ಜನ ರಾಜಧಾನಿಯ ಕಸದ ಕೆಳಗೆ ಎಷ್ಟು ನರಳಿದರು, ಅದನ್ನು ನಿಲ್ಲಿಸಲು ಎಷ್ಟು ಹೋರಾಡಬೇಕಾಯಿತು ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗದಿದ್ದರೆ 2000ದ ಘನತ್ಯಾಜ್ಯ ನಿಯಮಗಳೂ ಅಷ್ಟು ಬೇಗ ಬರುತ್ತಿರಲಿಲ್ಲ. ಈಗ ಕಸದಿಂದ ವಿದ್ಯುತ್ ತೆಗೆಯುವ 11.5 ಮೆಗಾವಾಟ್ ಘಟಕ ಬಿಡದಿಯಲ್ಲಿದೆ. ಹಾಸನ ಹೆದ್ದಾರಿಯ ಮೇಲಿರುವ ಕುಣಿಗಲ್ಲಿಗೆ ನಾಳೆ ಇನ್ಯಾವುದೋ ಘಟಕ ಹೊಸ ಹೆಸರು ಹೊತ್ತು ಬಂದರೆ, ಅದು ಯಾರ ಕಸ ಬೇಯಿಸುತ್ತದೆ, ಹೊರಬರುವುದು ಇಂಧನವೋ ವಸ್ತುವೋ, ಚಿಮಣಿಯ ಅಳತೆಗಳನ್ನು ಊರಿಗೆ ತೋರಿಸುತ್ತಾರೋ ಇಲ್ಲವೋ ಎಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ನಮ್ಮ ತಾಲ್ಲೂಕಿನಲ್ಲಿ ಏನಾಗಬೇಕು? ಹೋಬಳಿಗೊಂದು ರಾಸಾಯನಿಕ ಕಾರ್ಖಾನೆ ಖಂಡಿತ ಬೇಡ. ಅದು ದೊಡ್ಡ ಪ್ರಮಾಣದಲ್ಲಿ, ನುರಿತ ಎಂಜಿನಿಯರುಗಳ ಕೈಯಲ್ಲಿ, ಕಟ್ಟುನಿಟ್ಟಿನ ನಿಗಾದಲ್ಲಿ ನಡೆಯಬೇಕಾದ ಕೆಲಸ. ನಮಗೆ ಬೇಕಾದದ್ದು ಆ ಕಾರ್ಖಾನೆಗೆ ಒಳ್ಳೆಯ ಸರಕು ಕಳಿಸುವ ವ್ಯವಸ್ಥೆ. ಅದಕ್ಕೆ ಮಾದರಿ ನಮ್ಮಲ್ಲೇ ಇದೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ಬೇರ್ಪಡಿಸುವ ಕೇಂದ್ರ ನಡೆಯುತ್ತಿದೆ. ಸುತ್ತಲಿನ ಗ್ರಾಮ ಪಂಚಾಯಿತಿಗಳ ಕಸ ಅಲ್ಲಿಗೆ ಬರುತ್ತದೆ. ಆರಿಸಿ, ಒತ್ತಿ, ಮೂಟೆ ಕಟ್ಟಿ ಕಳಿಸುತ್ತಾರೆ. ಒತ್ತುವ ಯಂತ್ರ ಇಲ್ಲದಿದ್ದರೆ ಲಾರಿ ತುಂಬ ಹೋಗುವುದು ಗಾಳಿ. ಬಾಡಿಗೆಯಲ್ಲೇ ಎಲ್ಲ ಮುಗಿಯುತ್ತದೆ. ಒಂದೊಂದು ಪಂಚಾಯಿತಿ ಒಂಟಿಯಾಗಿ ಇದನ್ನು ಮಾಡಲಾರದು. ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿ, ಸುತ್ತಲ ಗ್ರಾಮ ಪಂಚಾಯಿತಿಗಳು ಸೇರಿದರೆ ಖಂಡಿತ ಆಗುತ್ತದೆ. ಹಳ್ಳಿ ಹಳ್ಳಿಗೂ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ಗಾಡಿಗಳು ಬಂದಿವೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅವನ್ನು ಓಡಿಸುತ್ತಿದ್ದಾರೆ. ಅವರೇ ಈ ಸರಕಿನ ಒಡೆಯರಾಗಲಿ, ಮೂಟೆ ಮಾರಿದ ಹಣದಲ್ಲಿ ಅವರ ಪಾಲು ಲಿಖಿತವಾಗಿ ನಿಗದಿಯಾಗಲಿ. ಬೆಂಗಳೂರಿನಲ್ಲಿ ಹಸಿರು ದಳ ಎಂಬ ಸಂಸ್ಥೆ ಚಿಂದಿ ಆಯುವವರಿಗೆ ಗುರುತಿನ ಚೀಟಿ, ಒಣ ಕಸ ಕೇಂದ್ರಗಳ ನಿರ್ವಹಣೆ ಕೊಡಿಸಲು ದುಡಿದದ್ದು ಇದೇ ನ್ಯಾಯಕ್ಕಾಗಿ.

ಯಾವ ರಸಾಯನಶಾಸ್ತ್ರವೂ ಬೇಡದ ಪ್ಲಾಸ್ಟಿಕ್ಕಿಗೆ ನೆಪವಾಗಬಾರದು ಎಂಬುದನ್ನೂ ಸೇರಿಸುತ್ತೇನೆ. ಕರ್ನಾಟಕ 2016ರ ಮಾರ್ಚಿನಲ್ಲೇ ಕ್ಯಾರಿಬ್ಯಾಗ್, ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳ ಮೇಲೆ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ ಬಂತು. ಅಡಿಕೆ ಹಾಳೆಯ ತಟ್ಟೆ ತಯಾರಾಗುವ ಸೀಮೆಯಲ್ಲಿ ಮದುವೆ ಊಟಕ್ಕೆ ಥರ್ಮೊಕೋಲ್ ತಟ್ಟೆ ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ಒಣ ಕಸ ಆರಿಸಲು ಸೂರು, ಒತ್ತುವ ಯಂತ್ರ, ಆರಿಸುವವರಿಗೆ ಕೈಗವಸು ಮತ್ತು ಸರಿಯಾದ ಕೂಲಿ, ಇವು ಈ ವರ್ಷದ ಕ್ರಿಯಾಯೋಜನೆಯಲ್ಲಿ ಇವೆಯೇ ಎಂದು ಕೇಳಿ. ತರಕಾರಿ ಬೆಳೆ ಮುಗಿದ ಮೇಲೆ ಹೊಲದ ಮಲ್ಚಿಂಗ್ ಶೀಟು, ಹಳೇ ಡ್ರಿಪ್ ಪೈಪು ಸಂಗ್ರಹಿಸಲು ಒಂದು ದಿನ ಗೊತ್ತು ಮಾಡಿ ಎಂದು ಒತ್ತಾಯಿಸಿ. ಅಲ್ಲಿಯವರೆಗೆ ಮನೆಯ ಒಣ ಪ್ಲಾಸ್ಟಿಕ್ಕನ್ನು ತೊಳೆದು ಒಂದು ಗೊಬ್ಬರದ ಚೀಲದಲ್ಲಿ ತುಂಬಿಡಿ, ಬೆಂಕಿ ಮಾತ್ರ ಹಚ್ಚಬೇಡಿ.